ನವರಾತ್ರಿಗೆ ಪೆನಾಂಗ್: ಹಳದಿ ಬಾವುಟದ ಅಂಗಡಿಗಳಲ್ಲಿ ಸಸ್ಯಾಹಾರಿಗಳಿಗೆ ಏನೇನು ಸಿಗುತ್ತದೆ?

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. 2026ರ ಅಕ್ಟೋಬರಿನಲ್ಲಿ ಅಪ್ಪ, ಅಮ್ಮ, ನಾನು ಮಲೇಷ್ಯಾದ ಪೆನಾಂಗ್‌ಗೆ ಹೊರಟಿದ್ದೇವೆ. ತಮ್ಮ ಅಲ್ಲೇ ಬಯಾನ್ ಲೆಪಾಸ್‌ನ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರ್. ನಮ್ಮ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲ. ನವರಾತ್ರಿಯಲ್ಲಿ ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ.

ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಪಾತಿ ಕಟ್ಟಿಕೊಂಡು ಹೋಗಿ, ಅಲ್ಲಿ ನೀರು ಬಿಟ್ಟರೆ ಎಲ್ಲದರಲ್ಲೂ ಸಿಗಡಿ ಇರುತ್ತದೆ ಅಂತ. ಆದರೆ ತಮ್ಮ ಬೇರೆ ಹೇಳುತ್ತಾನೆ. ಆ ಸಮಯಕ್ಕೆ ಅಲ್ಲಿನ ಚೀನೀಯರದ್ದೂ ಒಂಬತ್ತು ದಿನದ ಹಬ್ಬವಂತೆ, ಬೀದಿ ತುಂಬಾ ಸಸ್ಯಾಹಾರದ ಅಂಗಡಿಗಳಂತೆ. ನಿಜಾನಾ? ಬೀದಿ ಊಟಕ್ಕೆ ಹೆಸರಾದ ಊರಿಗೆ ಹೋಗಿ ರೂಮಿನಲ್ಲಿ ಕೂತು ಅವಲಕ್ಕಿ ತಿನ್ನಲು ನನಗೆ ಮನಸ್ಸಿಲ್ಲ. ನೋಡಿದವರು ಹೇಳಿ.

ದ್ವೀಪವಾಸಿ
ನಿಮ್ಮ ತಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಅದು ಒಂಬತ್ತು ಚಕ್ರವರ್ತಿ ದೇವರುಗಳ ಹಬ್ಬ. ಪೆನಾಂಗ್‌ನ ಹೊಕ್ಕಿಯೆನ್ ಮಾತಿನಲ್ಲಿ ಕ್ಯೂ ಓಂಗ್ ಯಾ ಎನ್ನುತ್ತಾರೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ. 2026ರಲ್ಲಿ ಅಕ್ಟೋಬರ್ 10ರಿಂದ 18.

ಭಕ್ತರು ಬಿಳಿ ಬಟ್ಟೆ ಹಾಕುತ್ತಾರೆ. ಒಂಬತ್ತು ದಿನವೂ ಸಸ್ಯಾಹಾರ. ದೇವಸ್ಥಾನದ ಆಸುಪಾಸಿನ ರಸ್ತೆಗಳಲ್ಲಿ ಸಾಲಾಗಿ ಅಂಗಡಿ ಏಳುತ್ತವೆ. ತಳ್ಳುಗಾಡಿಗೆ, ಕೊಡೆಗೆ, ಡಬ್ಬದಂಗಡಿಗೆ ಎಲ್ಲದಕ್ಕೂ ಹಳದಿ ಬಾವುಟ ಸಿಕ್ಕಿಸಿರುತ್ತಾರೆ. ಆ ಬಾವುಟ ಕಂಡರೆ ಅಲ್ಲಿ ಮೀನು, ಮಾಂಸ, ಮೊಟ್ಟೆ ಇಲ್ಲ ಎಂದು ಅರ್ಥ. ಸಿಗಡಿಯನ್ನು ಹುದುಗಿಸಿ ಮಾಡುವ ಬೆಲಚಾನ್ ಕೂಡ ಇಲ್ಲ. ಬೇರೆ ದಿನಗಳಲ್ಲಿ ನಮ್ಮವರನ್ನು ಅತಿ ಹೆಚ್ಚು ಕಾಡುವುದು ಈ ಬೆಲಚಾನ್. ಬರೀ ಸೊಪ್ಪಿನ ಪಲ್ಯ ಕೊಡಿ ಎಂದರೂ ಅದನ್ನು ಹಾಕಿ ಹುರಿದಿರುತ್ತಾರೆ. ಈ ಒಂಬತ್ತು ದಿನ ಆ ಚಿಂತೆಯೇ ಇಲ್ಲ.

ಜಾರ್ಜ್ ಟೌನ್‌ನಲ್ಲಿ ಹಾಂಗ್‌ಕಾಂಗ್ ಸ್ಟ್ರೀಟ್‌ನ ದೇವಸ್ಥಾನದ ಕಡೆ ಹೋಗಿ. ಇನ್ನೂ ದೊಡ್ಡದು ಬೇಕು ಎಂದರೆ ದ್ವೀಪದ ಎದುರಿನ ದಡದಲ್ಲಿರುವ ಬಟರ್‌ವರ್ತ್‌ನ ರಾಜಾ ಊಡಾದಲ್ಲಿರುವ ಟೌ ಬೂ ಕೊಂಗ್ ದೇವಸ್ಥಾನ. ಸಂಜೆ ಆರರ ನಂತರ ಹೋದರೆ ಚೆನ್ನ. ಮಧ್ಯಾಹ್ನ ಬಿಸಿಲು ಜಾಸ್ತಿ, ಅಂಗಡಿಗಳೂ ಕಡಿಮೆ.

ಕಡಲೆಪುರಿ
ಅಯ್ಯೋ, ನಾವು ಜೂನ್‌ನಲ್ಲಿ ಹೋಗಿ ಬಂದೆವು. ಈ ಹಬ್ಬದ ಬಗ್ಗೆ ಯಾರೂ ಹೇಳಲೇ ಇಲ್ಲ.

ಪಂಚಾಂಗಪ್ರಿಯ
ನವರಾತ್ರಿಗೂ ಅದಕ್ಕೂ ತಾಳೆ ಆಗುವುದು ಕಾಕತಾಳೀಯ ಅಲ್ಲ. ನಮ್ಮದು ಆಶ್ವಯುಜ ಶುದ್ಧ ಪಾಡ್ಯದಿಂದ, ಅವರದ್ದು ಒಂಬತ್ತನೇ ತಿಂಗಳ ಮೊದಲ ದಿನದಿಂದ. ಇಬ್ಬರೂ ಅಮಾವಾಸ್ಯೆ ಹಿಡಿದು ತಿಂಗಳು ಎಣಿಸುತ್ತಾರೆ. 2023ರಲ್ಲಿ ಎರಡೂ ಅಕ್ಟೋಬರ್ 15ಕ್ಕೆ, 2024ರಲ್ಲಿ ಎರಡೂ ಅಕ್ಟೋಬರ್ 3ಕ್ಕೆ ಶುರುವಾದವು.

2025ರಲ್ಲಿ ಮಾತ್ರ ತಪ್ಪಿತು. ಚೀನೀ ಪಂಚಾಂಗದಲ್ಲಿ ಆ ವರ್ಷ ಆರನೇ ತಿಂಗಳು ಎರಡು ಸಲ ಬಂತು. ನಮ್ಮ ಅಧಿಕಮಾಸ ಬರುವುದು 2026ರಲ್ಲಿ, ಅಧಿಕ ಜ್ಯೇಷ್ಠ. ಹಾಗಾಗಿ 2025ರಲ್ಲಿ ನಮ್ಮ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಅವರದ್ದು ಅಕ್ಟೋಬರ್ 21ಕ್ಕೆ, ನಮ್ಮ ದೀಪಾವಳಿ ಹೊತ್ತಿಗೆ!

2026ರಲ್ಲಿ ಮತ್ತೆ ಸೇರುತ್ತವೆ. ಒಂದೇ ದಿನದ ವ್ಯತ್ಯಾಸ. ಅವರು ಅಮಾವಾಸ್ಯೆ ಬಿದ್ದ ದಿನವನ್ನೇ ಒಂದನೇ ದಿನ ಎನ್ನುತ್ತಾರೆ. ನಾವು ಸೂರ್ಯೋದಯಕ್ಕೆ ಪಾಡ್ಯ ಇದ್ದ ದಿನ ಕಲಶ ಇಡುತ್ತೇವೆ. ಆದ್ದರಿಂದ ಅವರ ಮೊದಲ ದಿನ ನಮಗೆ ಮಹಾಲಯ ಅಮಾವಾಸ್ಯೆ. ನಿಮ್ಮ ತಂದೆಯವರು ಅಂದು ತರ್ಪಣ ಕೊಡುವವರಾದರೆ 11ರ ನಂತರ ಹೊರಗೆ ತಿನ್ನುವ ಯೋಚನೆ ಮಾಡಿ.

ಬೆಣ್ಣೆದೋಸೆ_ದಾವಣಗೆರೆ
ಪಂಚಾಂಗಪ್ರಿಯ ಅವರೇ, ತುಂಬಾ ಉಪಕಾರ. ಅಪ್ಪ ಮಹಾಲಯಕ್ಕೆ ಎಡೆ ಇಡುತ್ತಾರೆ. ಅದು ಮುಗಿಸಿಕೊಂಡೇ ಹೊರಡುತ್ತೇವೆ. 12ಕ್ಕೆ ತಲುಪಿದರೂ ಇನ್ನೂ ಒಂದು ವಾರ ಸಿಗುತ್ತದಲ್ಲ.

ನಕ್ಷತ್ರ_ನೋಡುವವ
ಇನ್ನೊಂದು ವಿಷಯ. ಆ ಒಂಬತ್ತು ದೇವರು ಬೇರೆ ಯಾರೂ ಅಲ್ಲ, ನಾವು ಸಪ್ತರ್ಷಿ ಮಂಡಲ ಎನ್ನುತ್ತೇವಲ್ಲ, ಆ ಏಳು ನಕ್ಷತ್ರ ಮತ್ತು ಇನ್ನೆರಡು. ಅವರ ತಾಯಿ ಡೌ ಮು. ಒಂಬತ್ತು ದೀಪಗಳನ್ನು ಉದ್ದನೆಯ ಬಿದಿರಿಗೆ ಕಟ್ಟಿ ಮೇಲೇರಿಸಿದರೆ ಹಬ್ಬ ಶುರುವಾಯಿತು ಎಂದು ಲೆಕ್ಕ.

ಬಂಗುಡೆ_ಬಸ್ರೂರು
ಎಲ್ಲಾ ಸರಿ. ಆದರೆ ಒಂದು ಮಾತು ಹೇಳಲೇಬೇಕು. ಪೆನಾಂಗ್‌ನ ಅಡುಗೆ ಅಂದರೆ ಕಡಲಿನ ಅಡುಗೆ. ಚಾರ್ ಕ್ವೇ ಟಿಯಾವ್‌ನಲ್ಲಿ ಸಿಗಡಿ, ಚಿಪ್ಪುಮೀನು, ಹಂದಿ ಕೊಬ್ಬು ಇಲ್ಲದಿದ್ದರೆ ಅದು ಬರೀ ಹುರಿದ ಅಕ್ಕಿ ಪಟ್ಟಿ. ಅಸಾಮ್ ಲಕ್ಸಾ ಮಾಡುವುದು ಕೆಂಬೋಂಗ್ ಮೀನಿನಿಂದ, ಅಂದರೆ ನಮ್ಮ ಬಂಗುಡೆಯ ಜಾತಿಯೇ. ಮೀನು ಬೇಯಿಸಿ, ಮುಳ್ಳು ತೆಗೆದು, ಹುಳಿ ಸಾರಿಗೆ ಹಾಕುತ್ತಾರೆ. ಮೀನಿಲ್ಲದ ಲಕ್ಸಾ ತಿಂದು ಪೆನಾಂಗ್ ರುಚಿ ನೋಡಿದೆ ಅನ್ನುವುದು ಸರಿಯಲ್ಲ.

ದ್ವೀಪವಾಸಿ
ಬಂಗುಡೆಯವರೇ, ಒಪ್ಪುವುದಿಲ್ಲ. ಚಾರ್ ಕ್ವೇ ಟಿಯಾವ್‌ನ ಜೀವ ಇರುವುದು ಬೆಂಕಿಯಲ್ಲಿ. ಕಾದು ಹೊಗೆಯಾಡುವ ಬಾಣಲೆಗೆ ಒಂದೊಂದೇ ತಟ್ಟೆಯಷ್ಟು ಹಾಕಿ ಅರೆಕ್ಷಣದಲ್ಲಿ ಎತ್ತುತ್ತಾರೆ. ಆ ಸುಟ್ಟ ವಾಸನೆ, ಸೋಯಾ ಸಾಸು, ಮೆಣಸಿನಕಾಯಿ, ಗರಿಗರಿ ಮೊಳಕೆಕಾಳು, ಇವೆಲ್ಲ ಹಬ್ಬದ ಅಂಗಡಿಯಲ್ಲೂ ಇರುತ್ತವೆ. ಒಳ್ಳೆ ಕೈ ಇದ್ದರೆ ಸಿಗಡಿ ಇಲ್ಲದೆಯೂ ರುಚಿ ಬರುತ್ತದೆ. ಲಕ್ಸಾ ಬಗ್ಗೆ ಮಾತ್ರ ನೀವು ಹೇಳಿದ್ದರಲ್ಲಿ ಹುರುಳಿದೆ. ಸಸ್ಯಾಹಾರಿ ಲಕ್ಸಾ ಬೇರೆಯೇ ತಿಂಡಿ. ಆದರೆ ಹುಳಿ, ಪುದೀನ, ಅನಾನಸು, ಬುಂಗಾ ಕಂತಾನ್ ಹೂವಿನ ಪರಿಮಳ ಸೇರಿದಾಗ ಅದೂ ಬಹಳ ಚೆನ್ನಾಗಿರುತ್ತದೆ.

ಶಿರಸಿ_ಶಾರದೆ
ಲಕ್ಸಾಗೆ ಹಾಕುವ ಹುಳಿಯಲ್ಲಿ ಹುಣಸೆ ಜೊತೆಗೆ ಅಸಾಮ್ ಕೆಪಿಂಗ್ ಅಂತ ಒಣಗಿಸಿದ ಹೋಳೂ ಇರುತ್ತದೆ. ಅದು ನಮ್ಮ ಉಪ್ಪಾಗೆಯ ಹತ್ತಿರದ ನೆಂಟ, ಒಂದೇ ಕುಲದ ಮರ. ಮಾರುಕಟ್ಟೆಯಲ್ಲಿ ಮೂಸಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮನೆಗೆ ಒಂದು ಪೊಟ್ಟಣ ತಂದು ಸಾರಿಗೆ ಹಾಕಿದೆವು.

ಬಂಗುಡೆ_ಬಸ್ರೂರು
ಶಾರದಕ್ಕಾ, ಮೀನು ಸಾರಿಗೂ ಅದೇ ಹುಳಿ ಆಗುತ್ತದೆ. ನನ್ನ ವಾದ ಗಟ್ಟಿಯಾಯಿತು.

ರವೆ_ಉಂಡೆ
ಊಟದ ಪಟ್ಟಿ ಕೊಡಿ ಯಾರಾದರೂ. ವಾದ ಆಮೇಲೆ ಮಾಡಿ.

ಪುಲಾವ್_ಟಿಕುಸ್_ಗೃಹಿಣಿ
ನಾನು ಹೇಳುತ್ತೇನೆ. ಮಕ್ಕಳ ಜೊತೆ ಪ್ರತಿ ವರ್ಷ ಹೋಗುವವಳು.

ಮೊದಲು ಪೊಪಿಯಾ. ತೆಳ್ಳಗಿನ ಗೋಧಿ ಹಾಳೆಯೊಳಗೆ ಸೆಂಗ್‌ಕ್ವಾಂಗ್ ಎಂಬ ಗೆಡ್ಡೆಯ ಪಲ್ಯ, ತೋಫು, ಸೊಪ್ಪು ಇಟ್ಟು ಸುತ್ತಿ ಕತ್ತರಿಸಿ ಕೊಡುತ್ತಾರೆ. ಖಾರ ಕಡಿಮೆ, ಹಿರಿಯರಿಗೂ ಹಿಡಿಸುತ್ತದೆ. ಆಮೇಲೆ ಆಂಗ್ ಕೂ. ಕೆಂಪು ಬಣ್ಣ, ಆಮೆ ಚಿಪ್ಪಿನ ಅಚ್ಚು. ಹೊರಗೆ ಅಂಟಕ್ಕಿ ಹಿಟ್ಟು, ಒಳಗೆ ಹೆಸರುಬೇಳೆ ಹೂರಣ. ಬಾಳೆ ಎಲೆ ಮೇಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ನನ್ನ ಅತ್ತೆ ಇದನ್ನು ತಿಂದು ಇನ್ನೊಂದು ಕೇಳಿದರು. ಮುವಾ ಚೀ ಕೂಡ ಬಿಡಬೇಡಿ: ಅಂಟಕ್ಕಿ ಹಿಟ್ಟನ್ನು ಬೇಯಿಸಿ ಚೂರು ಮಾಡಿ, ಕಡಲೆಕಾಯಿ ಪುಡಿ ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಾರೆ. ಬಿಸಿಯಾಗಿದ್ದಾಗಲೇ ತಿನ್ನಬೇಕು, ಆರಿದರೆ ಗಟ್ಟಿ.

ಕುಡಿಯಲು ಸೋಯಾ ಹಾಲು, ಕಬ್ಬಿನ ಹಾಲು. ತೌ ಫು ಫಾ ಎಂದರೆ ಗಿಣ್ಣಿನಷ್ಟು ಮೆತ್ತಗಿನ ಸೋಯಾ, ಮೇಲೆ ಬೆಲ್ಲದ ಪಾಕ ಸುರಿಯುತ್ತಾರೆ. ಚೆಂಡೋಲ್ ಊರಿನಲ್ಲಿ ಎಲ್ಲ ದಿನವೂ ಸಿಗುತ್ತದೆ. ಪಂದನ್ ಎಲೆಯ ಹಸಿರು ಬಣ್ಣದ ಅಕ್ಕಿ ಶಾವಿಗೆ ಚೂರುಗಳು, ತೆಂಗಿನ ಹಾಲು, ತಾಳೆ ಬೆಲ್ಲ, ಬೇಯಿಸಿದ ಕೆಂಪು ಕಾಳು, ತುರಿದ ಐಸು. ಪೆನಾಂಗ್ ರೋಡ್ ಪಕ್ಕದ ಕೆಂಗ್ ಕ್ವೀ ಓಣಿಯಲ್ಲಿ 1936ರಿಂದ ಮಾರುತ್ತಿರುವ ಅಂಗಡಿ ಇದೆ, ನಿಂತುಕೊಂಡೇ ತಿನ್ನುತ್ತಾರೆ.

ಎಚ್ಚರಿಕೆ ಒಂದು. ಅಪಮ್ ಬಾಲಿಕ್ ನೋಡಲು ಸಿಹಿ ದೋಸೆ, ಒಳಗೆ ಕಡಲೆಕಾಯಿ, ಜೋಳ. ಬೇರೆ ದಿನಗಳಲ್ಲಿ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಹಳದಿ ಬಾವುಟ ಇದ್ದಲ್ಲಿ ಮಾತ್ರ ತಗೊಳ್ಳಿ.

ಶೇಂಗಾ_ಚಟ್ನಿ
ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿದ್ದರೆ ತುಂಬಾ ಜೋಪಾನ. ಅಲ್ಲಿ ಪುಡಿ ಎಲ್ಲದರ ಮೇಲೂ ಉದುರಿಸುತ್ತಾರೆ.

ಮಂಡ್ಯ_ಮುದ್ದೆ
ನನಗೆ ಆ ಹಬ್ಬದಲ್ಲಿ ಒಂದು ವಿಷಯ ಅರ್ಥ ಆಗಲಿಲ್ಲ. ಸಸ್ಯಾಹಾರ ಎಂದು ಹೇಳಿ ಕೋಳಿ ಕಾಲಿನ ಆಕಾರ, ಮೀನಿನ ಆಕಾರ, ಹಂದಿ ಮಾಂಸದ ಪದರ ಪದರ ಮಾಡಿ ಇಟ್ಟಿದ್ದರು. ನಾನು ಮನೆಯಲ್ಲಿ ಮಾಂಸ ತಿನ್ನುವವನೇ. ಆದರೂ ವ್ರತದ ದಿನ ಅದರ ಆಕಾರ ಯಾಕೆ ಬೇಕು? ಬಿಟ್ಟ ಮೇಲೆ ಬಿಡಬೇಕು.

ಅಡುಗೆಮನೆ_ಅಮ್ಮ
ನನ್ನ ಅಭಿಪ್ರಾಯವೂ ಅದೇ. ತಟ್ಟೆ ಮುಂದೆ ಬಂದಾಗ ಹೊಟ್ಟೆ ತೊಳೆಸಿತು. ಸೋಯಾ ಎಂದು ಎಷ್ಟು ಹೇಳಿದರೂ ಕಣ್ಣು ಒಪ್ಪಬೇಕಲ್ಲ.

ದ್ವೀಪವಾಸಿ
ಅವರ ಕಡೆಯಿಂದಲೂ ನೋಡಿ. ನಮ್ಮಲ್ಲಿ ಹುಟ್ಟಿನಿಂದ ಮಾಂಸ ತಿನ್ನದ ಮನೆಗಳಿವೆ. ಅಲ್ಲಿ ವರ್ಷವಿಡೀ ಹಂದಿ, ಕೋಳಿ, ಮೀನು ತಿನ್ನುವ ಕುಟುಂಬ ಒಂಬತ್ತು ದಿನ ಒಟ್ಟಾಗಿ ಬಿಡುತ್ತದೆ. ಚಿಕ್ಕ ಮಕ್ಕಳೂ ಬಿಡುತ್ತಾರೆ. ಅಂಥವರಿಗೆ ರೂಢಿಯ ರುಚಿಯಲ್ಲೇ ಏನಾದರೂ ಇದ್ದರೆ ವ್ರತ ಸುಲಭ. ಚೀನೀ ಮಠಗಳಲ್ಲಿ ಈ ತರಹದ ಅಡುಗೆಗೆ ಬಹಳ ಹಳೆಯ ಪರಂಪರೆ ಇದೆ. ಬರುವ ಅತಿಥಿಗಳು ಮಾಂಸ ತಿನ್ನುವವರು, ಮಠದೊಳಗೆ ಮಾಂಸ ಕೂಡದು. ಹಾಗಾಗಿ ಗೋಧಿಯ ಅಂಟು, ಸೋಯಾ ಕೆನೆ, ಅಣಬೆಯ ಕಾಂಡ ಬಳಸಿ ಮಾಡಲು ಕಲಿತರು. ಅದು ಮೋಸ ಅಲ್ಲ, ಕೈಚಳಕ.

ಮಂಡ್ಯ_ಮುದ್ದೆ
ಕೈಚಳಕ ಒಪ್ಪಿದೆ. ವ್ರತ ಸುಲಭ ಆಗಬೇಕು ಅನ್ನುವುದನ್ನು ಒಪ್ಪಲಾರೆ. ನಮ್ಮಲ್ಲಿ ಶ್ರಾವಣಕ್ಕೆ ಬಿಟ್ಟರೆ ಬರೀ ಸೊಪ್ಪು ಸಾರು.

ಪುಲಾವ್_ಟಿಕುಸ್_ಗೃಹಿಣಿ
ಇಷ್ಟ ಇಲ್ಲದವರು ತಿನ್ನಬೇಕಾಗಿಲ್ಲ. ಅದರ ಪಕ್ಕದಲ್ಲೇ ಬರೀ ತರಕಾರಿ, ತೋಫು, ನೂಡಲ್ಸ್ ಇರುತ್ತದೆ. ಬೆರಳು ತೋರಿಸಿ ಕೇಳಿದರೆ ಹಾಕಿ ಕೊಡುತ್ತಾರೆ. ಆದರೆ ಅಂಗಡಿಯಿಂದ ಪ್ಯಾಕೆಟ್ ತಂದು ಮನೆಯಲ್ಲಿ ಮಾಡುವವರು ಹಿಂದೆ ಬರೆದದ್ದು ಓದಿ. ಕೆಲವು ಕಂಪನಿಗಳ ನಕಲಿ ಮಾಂಸಕ್ಕೆ ಮೊಟ್ಟೆಯ ಬಿಳಿ ಸೇರಿಸಿರುತ್ತಾರೆ. ಗೋಧಿ ಆಗದವರಿಗೂ ಅದು ಬೇಡ, ಮುಖ್ಯ ವಸ್ತುವೇ ಗೋಧಿಯ ಅಂಟು.

ಬೆಣ್ಣೆದೋಸೆ_ದಾವಣಗೆರೆ
ಅಮ್ಮನಿಗೆ ಈ ಆಕಾರಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈರುಳ್ಳಿ ಬೆಳ್ಳುಳ್ಳಿ ಕತೆ ಏನು? ಅದನ್ನು ಯಾರೂ ಹೇಳಲಿಲ್ಲ.

ಇಂಗು_ತೆಂಗು
ಇಲ್ಲ, ಹಾಕುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನ ಜಾತಿಯ ಎಲ್ಲವೂ ಆ ವ್ರತದಲ್ಲಿ ಕೂಡದು. ಚೀನೀ ಬೌದ್ಧರು ಇವನ್ನು ಐದು ಘಾಟಿನ ಪದಾರ್ಥ ಎಂದು ಎಣಿಸುತ್ತಾರೆ. ಆಶ್ಚರ್ಯದ ವಿಷಯ ಎಂದರೆ ಆ ಹಳೆಯ ಪಟ್ಟಿಯಲ್ಲಿ ಇಂಗೂ ಇದೆ! ನಾವು ಬೆಳ್ಳುಳ್ಳಿ ಬಿಟ್ಟು ಆ ಜಾಗಕ್ಕೆ ಇಂಗು ಹಾಕುತ್ತೇವೆ. ಅವರು ಇಂಗನ್ನೂ ಬಿಟ್ಟರು. ಆದ್ದರಿಂದ ಅವರ ಅಡುಗೆಯಲ್ಲಿ ಘಮ ಬರುವುದು ಶುಂಠಿ, ಎಳ್ಳೆಣ್ಣೆ, ಅಣಬೆಯಿಂದ.

ರಾಯರ_ಸೇವಕ
ಒಂದು ಪ್ರಶ್ನೆ. ನವರಾತ್ರಿ ಕ್ಷೀರವ್ರತದ ಅವಧಿಯಲ್ಲಿ ಬರುತ್ತದೆ. ಚಾತುರ್ಮಾಸ್ಯ ಹಿಡಿದವರಿಗೆ ಹಾಲು ನಿಷಿದ್ಧ, ಬೇಳೆ ಆಗುತ್ತದೆ. ನೀವೆಲ್ಲ ಹೇಳಿದ ತಿಂಡಿಗಳಲ್ಲಿ ಹಸುವಿನ ಹಾಲು ಕಾಣಲಿಲ್ಲ, ಹಾಗಾದರೆ ಅದು ಸರಿಹೊಂದುತ್ತದೆ ಅಲ್ವಾ? 2025ರಲ್ಲಾದರೆ ಹಬ್ಬ ಬೇಳೆಕಾಳು ಬಿಡುವ ದ್ವಿದಳವ್ರತದಲ್ಲಿ ಬಿತ್ತು. ಸೋಯಾ ದ್ವಿದಳ ಧಾನ್ಯ. ತೋಫು ಪೂರ್ತಿ ಬಂದ್.

ಹಳೇ_ಬೇರು
ಸ್ವಾಮಿ, ಚಾತುರ್ಮಾಸ್ಯ ಹಿಡಿದವರು ಹೊರಗೆ ಬೀದಿಯಲ್ಲಿ ತಿನ್ನುವುದೇ ಇಲ್ಲ. ಮಡಿ ಅಡುಗೆ ಬೇಕು. ತಾಳೆ ನೋಡುವ ಪ್ರಶ್ನೆ ಎಲ್ಲಿ ಬಂತು?

ರಾಯರ_ಸೇವಕ
ಎಲ್ಲರೂ ಅಷ್ಟು ಕಟ್ಟುನಿಟ್ಟು ಮಾಡಲು ಆಗುವುದಿಲ್ಲ. ವಿದೇಶದಲ್ಲಿ ಮಕ್ಕಳ ಮನೆಯಲ್ಲಿರುವ ಹಿರಿಯರು ಪದಾರ್ಥ ಬಿಡುವ ವ್ರತವನ್ನಾದರೂ ಉಳಿಸಿಕೊಳ್ಳುತ್ತಾರೆ. ಅವರಿಗೆ ಈ ಮಾಹಿತಿ ಬೇಕು.

ಅಡುಗೆಮನೆ_ಅಮ್ಮ
ಸೇವಕರು ಹೇಳಿದ್ದು ಸರಿ. ನಮ್ಮ ಮಾವನವರು ಹೀಗೇ ಮಾಡುತ್ತಿದ್ದರು.

ಟ್ರೈನ್_ಪ್ರೇಮಿ
ಕೌಲಾಲಂಪುರದಲ್ಲಿ ಇಳಿಯುವವರಿಗೆ ದಾರಿ: ಕೆಎಲ್ ಸೆಂಟ್ರಲ್‌ನಿಂದ ಬಟರ್‌ವರ್ತ್‌ಗೆ ಇಟಿಎಸ್ ರೈಲು, ಸುಮಾರು ನಾಲ್ಕು ಗಂಟೆ. ಸ್ಟೇಷನ್ ಪಕ್ಕದಿಂದಲೇ ದ್ವೀಪಕ್ಕೆ ಫೆರಿ. ಒಂದು ರಿಂಗಿಟ್ಟಿಗೆ 20 ರೂಪಾಯಿಗಿಂತ ಸ್ವಲ್ಪ ಜಾಸ್ತಿ ಎಂದು ಲೆಕ್ಕ ಇಟ್ಟುಕೊಳ್ಳಿ. ಹಬ್ಬದ ಅಂಗಡಿಗಳಿಗೆ ಚಿಲ್ಲರೆ ನೋಟು ಒಯ್ಯಿರಿ. ಕೊಡೆ ಮರೆಯಬೇಡಿ, ಅಕ್ಟೋಬರ್ ಪೆನಾಂಗ್‌ನಲ್ಲಿ ಮಳೆ ಜಾಸ್ತಿ ಬೀಳುವ ತಿಂಗಳು.

ಸೈಬರ್‌ಜಾಯ_ಸುರೇಖೆ
ಪೆನಾಂಗ್ ತನಕ ಹೋಗಲಾಗದವರಿಗೆ ಕೌಲಾಲಂಪುರದ ಪಕ್ಕದ ಅಂಪಾಂಗ್‌ನಲ್ಲೂ ಇದೇ ಹಬ್ಬ ಜೋರು. ನಾನ್ ತಿಯನ್ ಗೋಂಗ್ ದೇವಸ್ಥಾನದ ಸುತ್ತ ಅಂಗಡಿಗಳು. ಅಂಪಾಂಗ್ ಊರು ಯೋಂಗ್ ತೌ ಫುಗೆ ಹೆಸರುವಾಸಿ. ತೋಫು, ಬೆಂಡೆಕಾಯಿ, ಬದನೆ, ಹಾಗಲಕಾಯಿ ಸೀಳಿ ಒಳಗೆ ಮೀನಿನ ಹೂರಣ ತುಂಬುತ್ತಾರೆ. ಹಬ್ಬದಲ್ಲಿ ಅದನ್ನೇ ತರಕಾರಿ, ಸೋಯಾ ತುಂಬಿ ಮಾಡುತ್ತಾರೆ. ಎಣ್ಣೆಗಾಯಿ ಪ್ರಿಯರಿಗೆ ಖಂಡಿತ ಇಷ್ಟವಾಗುತ್ತದೆ.

ಬಂಗುಡೆ_ಬಸ್ರೂರು
ಅಂಪಾಂಗ್‌ನ ಮೀನಿನ ಯೋಂಗ್ ತೌ ಫು ತಿಂದಿದ್ದೀರಾ ಮೇಡಂ? ಬೇರೆ ದಿನ ಹೋಗಿ ಅದನ್ನೂ ತಿನ್ನಿ, ತಿನ್ನುವವರಾದರೆ.

ಸೈಬರ್‌ಜಾಯ_ಸುರೇಖೆ
ತಿನ್ನುತ್ತೇನೆ ಅಣ್ಣಾ. ಎರಡೂ ಇಷ್ಟ. ಆದರೆ ಹಬ್ಬದ ದಿನ ಹಬ್ಬದ್ದೇ ತಿನ್ನಬೇಕು.

ಬಿಳಿ_ಪಂಚೆ
ಇಷ್ಟು ಹೊತ್ತು ಓದುತ್ತಿದ್ದೆ, ಒಂದು ವಿಷಯ ಹೇಳದೆ ಇರಲಾಗುತ್ತಿಲ್ಲ. ಇದನ್ನು ಆಹಾರ ಮೇಳ ಎಂದುಕೊಂಡು ಹೋಗಬೇಡಿ. ಅದು ದೇವರ ಹಬ್ಬ, ಜನರ ಹರಕೆ. ಅಂಗಡಿಗಳು ಅದರ ಸುತ್ತ ಬೆಳೆದವು.

ನಮ್ಮವರು ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಮೈಮೇಲೆ ದೇವರು ಬಂದವರ ಮುಖದ ಮುಂದೆ ಮೊಬೈಲ್ ಹಿಡಿಯುತ್ತಾರೆ. ಮೆರವಣಿಗೆ ದಾರಿಯಲ್ಲಿ ಕುರ್ಚಿ ಎಳೆದುಕೊಂಡು ನೂಡಲ್ಸ್ ತಿನ್ನುತ್ತಾರೆ. ಕೈಯಲ್ಲಿ ಎಲ್ಲಿಂದಲೋ ತಂದ ಚಿಕನ್ ಸಾತೇ ಕಡ್ಡಿ ಹಿಡಿದು ದೇವಸ್ಥಾನದ ಅಂಗಳಕ್ಕೆ ಬರುತ್ತಾರೆ. ನಮ್ಮ ಊರಿನ ಕೋಲ ನಡೆಯುವಾಗ ಯಾರಾದರೂ ಹೀಗೆ ಮಾಡಿದರೆ ಸುಮ್ನೆ ಇರುತ್ತೇವಾ? ಬಿಳಿ ಬಟ್ಟೆ ಕಡ್ಡಾಯ ಅಲ್ಲ, ಆದರೆ ಹಾಕಿಕೊಂಡು ಹೋದರೆ ಅವರಿಗೆ ಖುಷಿ. ಕೆಲವು ದೇವಸ್ಥಾನಗಳಲ್ಲಿ ಸ್ವಯಂಸೇವಕರೇ ಅಡುಗೆ ಮಾಡಿ ಬಡಿಸುತ್ತಾರೆ. ಅಲ್ಲಿ ಉಂಡರೆ ಹುಂಡಿಗೆ ಕೈಲಾದಷ್ಟು ಹಾಕಿ.

ಕಡಲೆಪುರಿ
ಸರಿಯಾಗಿ ಹೇಳಿದಿರಿ.

ರವೆ_ಉಂಡೆ
ಸ್ವಲ್ಪ ಜಾಸ್ತಿ ಗಂಭೀರ ಆಯಿತು. ಅಲ್ಲಿನವರು ಯಾರನ್ನೂ ತಡೆಯುವುದಿಲ್ಲ, ಕರೆದು ತಿನ್ನಿಸುತ್ತಾರೆ. ಮಲಯಾಳಿ, ತಮಿಳರು, ಬೇರೆ ದೇಶದ ಪ್ರವಾಸಿಗರು ಎಲ್ಲರೂ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಒಟ್ಟಿಗೆ ಕೂತಿರುತ್ತಾರೆ. ತಿನ್ನಲೆಂದೇ ಹೋದರೆ ತಪ್ಪೇನಿಲ್ಲ.

ಬಿಳಿ_ಪಂಚೆ
ತಿನ್ನುವುದು ತಪ್ಪು ಎಂದು ನಾನು ಹೇಳಿಲ್ಲ. ಎಲ್ಲಿ ನಿಂತು ತಿನ್ನುತ್ತಿದ್ದೇವೆ ಎಂಬ ಅರಿವು ಇರಲಿ ಎಂದೆ.

ಕೊಡಗಿನ_ಕಾಫಿ
ವಿಷಯ ಬೇರೆ. ಪೆನಾಂಗ್‌ನಲ್ಲಿ ಜಾಯಿಕಾಯಿ ಹಣ್ಣಿನ ಶರಬತ್ತು ಕುಡಿದಿರಾ ಯಾರಾದರೂ? ನಮ್ಮ ತೋಟಗಳಲ್ಲಿ ಕಾಯಿ, ಪತ್ರೆ ತೆಗೆದು ಸಿಪ್ಪೆಯನ್ನು ಹೆಚ್ಚಾಗಿ ಎಸೆಯುತ್ತಾರೆ. ಅಲ್ಲಿ ಅದೇ ಸಿಪ್ಪೆಯ ರಸ ತೆಗೆದು ತಣ್ಣಗೆ ಮಾರುತ್ತಾರೆ. ಬಿಸಿಲಿಗೆ ಬಲು ಹಿತ.

ಶಿರಸಿ_ಶಾರದೆ
ನಮ್ಮ ಕಡೆ ಎಸೆಯುವುದಿಲ್ಲ ಅಣ್ಣಾ, ಉಪ್ಪಿನಕಾಯಿ ಹಾಕುತ್ತೇವೆ. ಶರಬತ್ತು ಮಾಡುವವರೂ ಇದ್ದಾರೆ.

ಪುಲಾವ್_ಟಿಕುಸ್_ಗೃಹಿಣಿ
ಶರಬತ್ತು ನೆನಪಿಸಿದ್ದಕ್ಕೆ ಥ್ಯಾಂಕ್ಸ್, ನಾನು ಪಟ್ಟಿಯಲ್ಲಿ ಬಿಟ್ಟಿದ್ದೆ. ಬೆಳಗಿನ ತಿಂಡಿಗೆ ಪುಟು ಮಾಯಮ್ ಹುಡುಕಿ. ನಮ್ಮ ಒತ್ತು ಶಾವಿಗೆಯೇ. ತೆಂಗಿನ ತುರಿ, ಕಂದು ಸಕ್ಕರೆ ಹಾಕಿ ಕೊಡುತ್ತಾರೆ. ತಮಿಳರು ತಂದ ತಿಂಡಿ, ಈಗ ಅಲ್ಲಿನ ಎಲ್ಲರೂ ತಿನ್ನುತ್ತಾರೆ.

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದು ಅನುಮಾನ. ಬೇರೆ ದಿನ ಮಾಂಸ ಮಾಡುವವರು ಒಂಬತ್ತು ದಿನಕ್ಕೆ ಸಸ್ಯಾಹಾರಕ್ಕೆ ಬದಲಾದರೆ ಬಾಣಲೆ ಅದೇ ಇರುತ್ತದಾ? ಅಪ್ಪ ಇದನ್ನು ಖಂಡಿತ ಕೇಳುತ್ತಾರೆ.

ದ್ವೀಪವಾಸಿ
ಕೇಳಬೇಕಾದ ಪ್ರಶ್ನೆಯೇ. ಅಂಗಡಿಯಿಂದ ಅಂಗಡಿಗೆ ಬೇರೆ. ದೇವಸ್ಥಾನದ ಒಳಗಿನ ಅಡುಗೆಮನೆಯಲ್ಲಿ ಈ ಚಿಂತೆ ಇಲ್ಲ. ವರ್ಷವಿಡೀ ಸಸ್ಯಾಹಾರವನ್ನೇ ಮಾರುವವರೂ ಹಬ್ಬಕ್ಕೆ ಅಂಗಡಿ ಹಾಕುತ್ತಾರೆ, ಅವರೂ ಸರಿ. ಹೊರಗಿನ ಸಾಮಾನ್ಯ ಫುಡ್ ಕೋರ್ಟ್‌ನಲ್ಲಿ ಒಂದೇ ಒಂದು ಗಾಡಿಗೆ ಬಾವುಟ ಇದ್ದರೆ ವಿಚಾರಿಸಿ. ಅಲ್ಲಿ ಪಕ್ಕದ ಗಾಡಿಯಲ್ಲಿ ಮಾಂಸ ಹುರಿಯುತ್ತಿರುತ್ತದೆ, ತಟ್ಟೆಗಳನ್ನು ಒಟ್ಟಿಗೇ ತೊಳೆಯುತ್ತಾರೆ. ಲೋಕ್ ಲೋಕ್ ಗಾಡಿಯಲ್ಲಿ ಎಲ್ಲ ಕಡ್ಡಿಗಳನ್ನೂ ಒಂದೇ ಕುದಿಯುವ ನೀರಿಗೆ ಅದ್ದುತ್ತಾರೆ. ಸಾಮಾನ್ಯ ದಿನಗಳಲ್ಲಿ ಅದರ ಹತ್ತಿರ ನಿಮ್ಮ ತಂದೆಯವರನ್ನು ಕರೆದೊಯ್ಯಬೇಡಿ.

ಬೆಣ್ಣೆದೋಸೆ_ದಾವಣಗೆರೆ
ಹಾಗಾದರೆ ರಾಜಾ ಊಡಾ ದೇವಸ್ಥಾನದಿಂದಲೇ ಶುರು ಮಾಡುತ್ತೇವೆ. ತಮ್ಮನಿಗೆ ಈಗಲೇ ಹೇಳುತ್ತೇನೆ.

ಮಂಡ್ಯ_ಮುದ್ದೆ
ಕೊನೆ ದಿನ ರಾತ್ರಿ ದೇವರನ್ನು ಕಡಲಿಗೆ ಕಳಿಸುವ ಮೆರವಣಿಗೆ ಇರುತ್ತದೆ. ರಸ್ತೆ ಬಂದ್ ಆಗುತ್ತದೆ. ಅವತ್ತು ಟ್ಯಾಕ್ಸಿ ನಂಬಿಕೊಂಡು ವಿಮಾನ ಹಿಡಿಯಲು ಹೋಗಬೇಡಿ. 19ಕ್ಕೆ ವಾಪಸ್ ಟಿಕೆಟ್ ಮಾಡಿಸಿ.

ಪಂಚಾಂಗಪ್ರಿಯ
19ಕ್ಕೆ ಹೊರಟರೂ ವಿಜಯದಶಮಿಗೆ ಊರಲ್ಲಿರುತ್ತೀರಿ. ಬನ್ನಿ ಮುಡಿಯಲು ತೊಂದರೆ ಇಲ್ಲ.